ಅರ್ಧ ಅಂಕ

ಶೆಪ್ಪರ್ಟನ್ನಿನ ಲೈಬ್ರರಿಯ ಹಿಂದಿನ ಕೋಣೆ.
ಸೆಪ್ಟೆಂಬರಿನ ಶುಕ್ರವಾರ. ಹೊರಗೆ ಪಿಯರ್ ತೋಟಗಳು ಬಿಳಿಬಿಳಿ.
ಒಳಗೆ ಏಳು ಮೇಜು, ಬಿಸ್ಕತ್ತು, ಆರಿದ ಚಹಾ,
ಎದುರಿಗೆ ನೆರೀಡಾ, ನಿವೃತ್ತ ಟೀಚರು,
ಕೊರಳಲ್ಲಿ ಇನ್ನೂ ಸೀಟಿ.
ಹಕ್ಕಿಗಳ ಬಗ್ಗೆ ನಿಮಗೆಷ್ಟು ಗೊತ್ತು? ಇಪ್ಪತ್ತು ಪ್ರಶ್ನೆ.
ಗೆದ್ದವರಿಗೆ ದುರ್ಬೀನು, ಎರಡನೆಯವರಿಗೆ ಜಾಮು.

ನಮ್ಮದು ಮೂರನೇ ಮೇಜು. ನಾನು ಮತ್ತು ಇಸ್ಮೆತ್:
ನಲವತ್ತು ವರ್ಷ ಪೀಚ್ ಬೆಳೆದು, ಈಗ
ಮಂಡಿನೋವು ಬೆಳೆಯುತ್ತಿರುವ ಮುದುಕ.
ನಾನು ಕ್ಯಾನರಿಯವಳು. ಹಕ್ಕಿಯಲ್ಲ ಅದು,
ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ.
ಮುಚ್ಚಳ ತಟ್ಟಿ, ಸದ್ದಿನಲ್ಲೇ
ಒಳಗಿನ ಹುಳುಕು ಹೇಳುವುದು ನನ್ನ ಕೆಲಸ.
ಕಿವಿ ಇದೆ ನಿನಗೆ, ಬಾ, ಎಂದು ಎಳೆತಂದಿದ್ದ.

ಮೊದಲಿನವು ಸುಲಭ. ನಗುವ ಕೂಕಬರಾ ಯಾವ ಕುಲ?
ಮಿಂಚುಳ್ಳಿ. ಮೀನು ಬಿಟ್ಟು ಹಲ್ಲಿ ಹಿಡಿದ ಮಿಂಚುಳ್ಳಿ.
ಮ್ಯಾಗ್‌ಪೈ ಮುಖ ಮರೆಯುವುದುಂಟೆ?
ಇಲ್ಲ, ಎಂದ ಐದನೇ ಮೇಜಿನ ಪೋಸ್ಟ್‌ಮ್ಯಾನ್,
ನೆತ್ತಿಯ ಗಾಯ ತೋರಿಸಿ.
ಕಾರಿನ ಕನ್ನಡಿಯ ಜೊತೆ ಜಗಳಕ್ಕಿಳಿಯುವುದು?
ಮಡ್‌ಲಾರ್ಕ್! ಇಸ್ಮೆತ್ ಮೇಜು ಗುದ್ದಿದ.
ಅವನ ಪಿಕಪ್ಪಿನ ಎರಡೂ ಕನ್ನಡಿಗೆ
ತೀರಿಹೋದ ಹೆಂಡತಿ ಹೆಣೆದ ಕಾಲುಚೀಲ ತೊಡಿಸಿದ್ದಾನೆ,
ಹಕ್ಕಿ ತನ್ನ ಮೇಲೆ ತಾನೇ ಬಿದ್ದು ಸಾಯಬಾರದೆಂದು.

ಏಳನೆಯದಕ್ಕೆ ಮೊದಲು ನೆರೀಡಾ ಕೆಮ್ಮಿದಳು.
ಹೊರಗಿನಿಂದ ಬಂದು, ಪೊಟರೆ ಕಸಿದು,
ಇಲ್ಲಿಯವನ್ನು ಓಡಿಸುವ ಹಕ್ಕಿ ಯಾವುದು? ಎಲ್ಲಿಯದು?
ಕೋಣೆಯಲ್ಲಿದ್ದವರೆಲ್ಲ ಬಹಳ ಮರ್ಯಾದೆಯಿಂದ
ನನ್ನ ಕಡೆ ನೋಡಲಿಲ್ಲ.
ಮೈನಾ, ಬರೆದೆ. ಮನಸ್ಸಿನಲ್ಲಿ ಗೊರವಂಕ.
ಕಣ್ಣಂಚಿಗೆ ಅದೇ ಅರಿಸಿನ,
ಬಾಡಿಗೆ ವಸೂಲಿಗೆ ಹೊರಟವರ ಅದೇ ನಡಿಗೆ.
ಹುಳ ತಿನ್ನಲಿ ಎಂದು ಯಾರೋ ಹಡಗಿನಲ್ಲಿ ತಂದರಂತೆ.
ಕೆಲಸಕ್ಕೆ ಕರೆದು, ಮನೆ ಮಾಡಬೇಡ ಅಂದರೆ ಹೇಗೆ?
ಇಸ್ಮೆತ್ ಬಿಸ್ಕತ್ತು ಮುರಿದು
ಒಂದು ತುಂಡು ನನ್ನತ್ತ ತಳ್ಳಿದ.

ಆಮೇಲೆ ಬಂತು: ರೆಕ್ಕೆ ಮುರಿದಂತೆ ನಟಿಸಿ
ಶತ್ರುವನ್ನು ಮೊಟ್ಟೆಯಿಂದ ದೂರ ಕರೆದೊಯ್ಯುವುದು?
ಟಿಟ್ಟಿಭ! ಕೂಗಿಯೇ ಬಿಟ್ಟೆ.
ಟಿ... ಏನು? ಎಂದಳು ನೆರೀಡಾ.
ಹಕ್ಕಿ ಕಣ್ಣೆದುರೇ ನಿಂತಿದೆ: ಹಳದಿ ಮುಖವಾಡ,
ರೆಕ್ಕೆಯ ಮಡಿಕೆಯಲ್ಲಿ ಮುಳ್ಳು. ಇಲ್ಲಿಯ ಹೆಸರು ಮಾತ್ರ
ನಾಲಿಗೆಗೆ ಬರಲೊಲ್ಲದು.
ಪ್ಲವರ್, ಪಿಸುಗುಟ್ಟಿದ ಇಸ್ಮೆತ್. ಅದೂ ತಪ್ಪಂತೆ.
ಕುರ್ಚಿ ಸರಿಸಿದೆ. ಕಾರ್ಪೆಟ್ಟಿನ ಮೇಲೆ ಕುಕ್ಕರಗಾಲಲ್ಲಿ
ಎಡ ಮೊಣಕೈ ಎಳೆಯುತ್ತ, ಅಯ್ಯೋ ಅಯ್ಯೋ ಎನ್ನುತ್ತ
ಬಾಗಿಲ ತನಕ ಹೋಗಿ, ಅಲ್ಲಿ ಎದ್ದು,
ಸ್ವೆಟರು ಕೊಡವಿ, ಹಾರಿದೆ.
ನಕ್ಕರು. ಚಪ್ಪಾಳೆ ಹೊಡೆದರು.
ಹೆಸರು ಇಲ್ಲ, ನಡತೆ ಸರಿ. ಅರ್ಧ ಅಂಕ,
ಎಂದು ಬರೆದುಕೊಂಡಳು ನೆರೀಡಾ.
ಆ ಅರ್ಧದಲ್ಲೇ ಸೋತೆವು. ಅಂಜೂರದ ಜಾಮು.

ಅವರು ಕೇಳದೆ ಉಳಿದದ್ದೊಂದು:
ಟಿಟ್ಟಿಭ ಮಲಗುವುದು ಕಾಲು ಮೇಲೆ ಮಾಡಿ,
ಆಕಾಶ ಬಿದ್ದರೆ ಹಿಡಿಯಲು. ಸರಿಯೋ, ತಪ್ಪೋ?
ತಪ್ಪು. ಆದರೆ
ಇದುವರೆಗೆ ಬಿದ್ದಿಲ್ಲವಲ್ಲ.

ಸೋಮವಾರ, ಬೆಳಗಿನ ಐದೂಮುಕ್ಕಾಲು.
ಕಾರ್ಖಾನೆಯ ಪಾರ್ಕಿಂಗಿನ ಜಲ್ಲಿಯಲ್ಲಿ
ಮೂರು ಮೊಟ್ಟೆ, ಜಲ್ಲಿಯದೇ ಬಣ್ಣ.
ಕಿರ್ ಎಂದು ಎದುರು ಬಂದಳು, ಬಿದ್ದಳು,
ರೆಕ್ಕೆ ಹರಡಿ ಎಳೆದಳು,
ತಿರುಗಿ ನೋಡಿದಳು, ಬರುತ್ತಿದ್ದೇನೋ ಇಲ್ಲವೋ ಎಂದು.
ಮುರಿದಿಲ್ಲವೆಂದು ನನಗೆ ಗೊತ್ತು.
ಮೊಟ್ಟೆ ಎಲ್ಲಿವೆ ಎಂದೂ ಗೊತ್ತು.
ಬುತ್ತಿಚೀಲ ಹೆಗಲಿಗೇರಿಸಿ, ಮೋಸ ಹೋದವಳ ಹಾಗೆ
ಅವಳ ಹಿಂದೆಯೇ ನಡೆದೆ, ಆಚೆ ತುದಿಯ ಬೇಲಿಯ ತನಕ.
ಅಲ್ಲಿ ಹಾರಿದಳು.

ಹಾಜರಿ ಯಂತ್ರ ನಾಲ್ಕು ನಿಮಿಷ ತಡವೆಂದಿತು.
ಏನಾಯಿತು, ಎಂದ ಸೂಪರ್‌ವೈಸರ್.
ಕಾಲು ಉಳುಕಿತ್ತು, ಎಂದೆ,
ಸ್ವಲ್ಪ ಕುಂಟಿಯೂ ತೋರಿಸಿದೆ.